ಕರುಪ್ಪಯ್ಯನ ಎಲೆ

ದಿಂಡುಕ್ಕಲ್
22 ಜನವರಿ 1894

ದುರೈ ಭಾವನವರಿಗೆ ಅಳಗರ್ ಮಾಡುವ ನಮಸ್ಕಾರ. ನಾನು ಇಲ್ಲಿ ಸೌಖ್ಯ. ಸೌಖ್ಯ ಎಂದು ಬರೆಯಬೇಕಲ್ಲ ಎಂದು ಬರೆದೆ, ಅಷ್ಟೇ.

ಉತ್ತಮಪಾಳೆಯದ ಪೊಂಗಲ್ ಪಂದ್ಯ ನೋಡಿಕೊಂಡು ನಿನ್ನೆ ತಾನೇ ಇಲ್ಲಿ ಬಂದು ಇಳಿದೆ. ಹೊಟ್ಟೆಯುರಿ ಇನ್ನೂ ಆರಿಲ್ಲ. ಆರು ದಿನದ ರಜೆಗಾಗಿ ಸುರುಟ್ಟು ಕಾರ್ಖಾನೆಯ ದೊರೆಯ ಮುಂದೆ ಕೈಕಟ್ಟಿ ನಿಂತವನು ನಾನು. ಒಂಬತ್ತು ವರ್ಷ ಹೊಗೆಸೊಪ್ಪು ಆರಿಸಿ ಹೋದ ಐಪ್ಪಸಿ ತಿಂಗಳಲ್ಲಷ್ಟೇ ಮೇಸ್ತ್ರಿಯಾಗಿದ್ದೇನೆ, ಆ ಮನುಷ್ಯ ನನ್ನನ್ನು ಹೇಗೆ ನೋಡಿದ ಅಂತೀರಿ! ಎರಡು ದಿನ ಗಾಡಿಯಲ್ಲಿ ಕುಲುಕಿಸಿಕೊಂಡು ಬಂದು ಕಂಡದ್ದೇನು? ಎಂಟು ಊರಲ್ಲಿ ನಾಲ್ಕು ಉಳಿದು, ಆ ನಾಲ್ಕರಲ್ಲಿ ನಾವೂ ಇದ್ದು, ಗೆದ್ದೆವು ಅನ್ನುವಾಗ ಕರುಪ್ಪಯ್ಯ ಒಂದೇ ಉಸಿರಿನಲ್ಲಿ ಸಡುಗುಡು ಹಾಡುತ್ತಾ ಎದುರಾಳಿಗಳ ಕಡೆ ಹೋದ. ಇಬ್ಬರನ್ನು ಮುಟ್ಟಿದ. ವಾಪಸು ಬರಬೇಕಾದ ಗೆರೆ ಎರಡೇ ಹೆಜ್ಜೆ. ಅಲ್ಲಿ ಅವನ ಉಸಿರು ಕಡಿಯಿತು. ಯಾರೂ ಹಿಡಿದಿರಲಿಲ್ಲ ಭಾವ, ತಾನಾಗಿ ಬಾಯಿ ಮುಚ್ಚಿ ಮಂಡಿಯೂರಿದ!

ಊರು ಒಂದು ಹರದಾರಿಯಲ್ಲಿದ್ದರೂ ನಾನು ಮನೆಗೆ ಬರಲಿಲ್ಲ. ಗಾಡಿ ಕಾಯುತ್ತಿತ್ತು ನಿಜ. ಕಾಯದಿದ್ದರೂ ಬರುತ್ತಿರಲಿಲ್ಲ, ಅಷ್ಟು ನಾಚಿಕೆಯಾಗಿತ್ತು. ಇಲ್ಲಿ ಉತ್ತಮಪಾಳೆಯದವನೊಬ್ಬ ನನ್ನ ಎದುರು ಕೂತು ಸುರುಟ್ಟು ಸುತ್ತುತ್ತಾನೆ. ಇವತ್ತು ಬೆಳಗಿನಿಂದ ನನ್ನನ್ನು ಕಂಡಾಗೆಲ್ಲ "ಸಡುಗುಡು, ಸಡುಗು..." ಎಂದು ನಿಲ್ಲಿಸಿ ಮುದುಕನ ಹಾಗೆ ಕೆಮ್ಮುತ್ತಾನೆ. ಸಾಲಿಗೆ ಸಾಲೇ ನಗುತ್ತದೆ.

ಊರಿನ ತಂಡ ನೋಡಿಕೊಳ್ಳುವವರು ನೀವು, ನನ್ನ ಮಾತು ಇಷ್ಟು. ಮೂಲೆಯಲ್ಲಿ ಕಾಲು ಹಿಡಿಯುವ ಬಾವಿಮನೆಯವನು ಇರಲಿ. ಅವಳಿ ಹುಡುಗರಲ್ಲಿ ದಪ್ಪಗಿನವನನ್ನು ತಂಡದಿಂದ ಕಳಿಸಿಬಿಡಿ, ಅವನು ಆಡುವುದಕ್ಕಿಂತ ತಿನ್ನುವುದೇ ಹೆಚ್ಚು. ಕರುಪ್ಪಯ್ಯ ಬೇಡ. ನನ್ನ ಮಂಡಿ ಮುರಿದಾಗ ಆಟದಲ್ಲಿ ನನ್ನ ಜಾಗ ಕೊಟ್ಟದ್ದು ಅವನಿಗೆ, ನನ್ನ ಚಿಕ್ಕಪ್ಪನ ಮಗ ಅಂತ. ಆಡಿ ತಿಂಗಳಲ್ಲಿ ದೇವರ ದನದ ಹಟ್ಟಿಯಲ್ಲಿ ಏಳು ಆಟಗಾರರಿಗೆ ಏಳು ಮನೆಯ ಹೆಸರಲ್ಲಿ ಏಳು ವೀಳ್ಯದೆಲೆ ಇಡುವಾಗ ಅವನು ಎತ್ತಿಕೊಳ್ಳುವುದು ನಮ್ಮ ಮನೆಯ ಎಲೆ. ಕೊಟ್ಟವನಿಗೆ ತೆಗೆಯುವ ಹಕ್ಕೂ ಇದೆ.

ನಮ್ಮ ವೀಳ್ಯದೆಲೆ ತೋಟ ಹೇಗಿದೆ? ನೀರೆತ್ತುವ ಕಪಿಲೆಯ ಎತ್ತುಗಳು ಹೇಗಿವೆ? ನನ್ನವಳು ಆಂಡಾಳಿಗೆ ನಾನು ಕೇಳಿದೆ ಎಂದು ಹೇಳಿ.

ಅಳಗರ್

*

ಹನುಮಂತನಪಟ್ಟಿ
6 ಫೆಬ್ರವರಿ 1894

ಅಳಗರ್‌ಗೆ ದುರೈ ಮಾಡುವ ಆಶೀರ್ವಾದ. ನಮ್ಮ ಕನ್ನಡದ ಮಾತನ್ನು ತಮಿಳಕ್ಷರದಲ್ಲಿ ಬರೆಯುವುದು ಎತ್ತಿಗೆ ಸೀರೆ ಉಡಿಸಿದ ಹಾಗೆ, ನನಗೆ ಒಂದು ಹಗಲು ಬೇಕು. ಆದರೂ ನಿನಗೆ ಉತ್ತರ ಕೊಡದೆ ಬಿಟ್ಟರೆ ಅನ್ನ ಇಳಿಯುವುದಿಲ್ಲ.

ನಿನ್ನ ಕಾಗದವನ್ನು ನಿನ್ನ ಅಕ್ಕನಿಗೆ ಓದುವಾಗ ಅರ್ಧ ನುಂಗಿದೆ. ಮುತ್ತುಲಕ್ಷ್ಮಿ ಕೇಳಿದಳು, "ಏನಂತೆ, ತಮ್ಮ ಸೌಖ್ಯವಾ?" ನಾನು, "ಮೈಯೆಲ್ಲಾ ಸೌಖ್ಯವಂತೆ, ಬಾಯಿ ಒಂದ್ ಉರೀತದೆ ಅಂತೆ" ಅಂದೆ.

ಅಲ್ಲಯ್ಯಾ, ನೀನು ಆಟ ನೋಡಿದ್ದು ಒಂದು ಮಧ್ಯಾಹ್ನ. ನಾನು ಈ ಏಳು ಜನರನ್ನು ದಿನವೂ ನೋಡುತ್ತೇನೆ. ಪಂದ್ಯ ಕಳೆದದ್ದು ನಿನ್ನ ಮುದ್ದಿನ ಬಾವಿಮನೆಯವನು. ಮೊದಲ ಸುತ್ತಿನಲ್ಲೇ ಮೂರು ಸಲ ಕೈಗೆ ಬಂದ ಕಾಲನ್ನು ಬಿಟ್ಟ. ಅವನು ಒಂದನ್ನು ಹಿಡಿದಿದ್ದರೆ ಕರುಪ್ಪಯ್ಯ ಕೊನೆಗೆ ಹೋಗಬೇಕಾಗಿಯೇ ಇರಲಿಲ್ಲ. ಅವನನ್ನು ಇಟ್ಟುಕೊಳ್ಳಬೇಕಂತೆ! ಅವಳಿಗಳನ್ನು ಬಿಡಿಸಿದರೆ ಇಬ್ಬರೂ ಆಡುವುದಿಲ್ಲ, ಅದೂ ನಿನಗೆ ಗೊತ್ತು.

ಕರುಪ್ಪಯ್ಯ ಹತ್ತು ವರ್ಷ ಊರಿಗಾಗಿ ಹಾಡಿದವನು. ಮಂಡಿ ಮುರಿದ ದಿನ ನಿನ್ನನ್ನು ಚಿನ್ನಮನೂರಿನಿಂದ ಹೆಗಲ ಮೇಲೆ ಹೊತ್ತು ತಂದವನು ಯಾರು, ಮರೆತೆಯಾ? ದೇವರ ದನದಲ್ಲಿ ನಮ್ಮ ಪಟ್ಟದ ಗೂಳಿಯನ್ನೇ ನೋಡು. ಹಿಂಡಿನ ಮುಂದೆ ಇಟ್ಟ ಕಬ್ಬಿನ ಕಟ್ಟಿಗೆ ಮೊದಲು ಬಾಯಿ ಹಾಕಿತು ಎಂದು ಅದಕ್ಕೆ ಪಟ್ಟ ಕಟ್ಟಿದೆವು. ಈಗ ಒಂದು ದಿನ ಎಡವಿತು ಎಂದು ಹಟ್ಟಿಯಿಂದ ಅಟ್ಟುತ್ತೇವೆಯೇ? ಸಾಯುವವರೆಗೂ ಅದೇ ಪಟ್ಟದ ಗೂಳಿ.

ಅವನ ಉಸಿರು ಕಡಿದದ್ದು ವಯಸ್ಸಿನಿಂದಲ್ಲ. ಇಷ್ಟು ಮಾತ್ರ ಹೇಳುತ್ತೇನೆ, ಬೇರೆ ಕೇಳಬೇಡ.

ತೋಟ ಹಸುರಾಗಿದೆ. ನೀರಿಗೆ ಕೊರತೆಯಿಲ್ಲ. ಆಂಡಾಳ್ ಸೌಖ್ಯ, ಸ್ವಲ್ಪ ಇಳಿದಿದ್ದಾಳೆ.

ದುರೈ

*

ದಿಂಡುಕ್ಕಲ್
25 ಮಾರ್ಚ್ 1894

ಭಾವನವರಿಗೆ ನಮಸ್ಕಾರ.

ನೀವು ಹೇಳದೆ ಬಿಟ್ಟದ್ದನ್ನು ಬೇರೆಯವರು ಹೇಳಿದರು. ನಿಲಕ್ಕೋಟ್ಟೈಯ ಎಲೆ ವ್ಯಾಪಾರಿ ಒಬ್ಬರು ಇಲ್ಲಿಗೆ ಬಂದಿದ್ದರು. ಮಾತಿಗೆ ಮಾತು ಬಂತು. "ನಿಮ್ಮ ತೋಟದ ಎಲೆ ಬಾಯಲ್ಲಿ ಇಟ್ರೇ ಗೊತ್ತಾಗ್ತದೆ. ವಾರಕ್ಕೆ ಎರಡು ಸಲ ನಿಮ್ಮ ಆಟಗಾರ ಕರುಪ್ಪಯ್ಯ ಚಿನ್ನಮನೂರು ಸಂತೆಗೆ ಹೊತ್ತು ತರ್ತಾನಲ್ಲ" ಅಂದರು. ಸೂರ್ಯ ಹುಟ್ಟುವ ಮೊದಲೇ ಅವನು ನನ್ನ ತೋಟದೊಳಗಿರುತ್ತಾನಂತೆ!

ಯಾರನ್ನು ಕೇಳಿ ಹೋಗುತ್ತಾನೆ? ಆಂಡಾಳ್ ಒಬ್ಬಳೇ ಹೆಂಗಸು, ಗಂಡ ಊರಲ್ಲಿಲ್ಲ, ಮಾತಾಡಲು ಅಂಜಿರಬೇಕು. ನನ್ನ ಎಲೆ ಕದ್ದು ಮಾರುತ್ತಿದ್ದಾನೆ ಭಾವ. ಹೊರೆ ಹೊತ್ತು ಸಂತೆಗೆ ಓಡುವವನಿಗೆ ಗೆರೆ ಮುಟ್ಟಲು ಉಸಿರು ಎಲ್ಲಿಂದ ಬರಬೇಕು? ಅವನ ಉಸಿರು ಯಾಕೆ ಕಡಿಯಿತು ಅನ್ನುವುದು ಈಗ ತಿಳಿಯಿತು. ನಿಮಗೆ ಮೊದಲೇ ತಿಳಿದಿತ್ತು, ಅದಕ್ಕೇ ಕೇಳಬೇಡ ಅಂದಿರಿ.

ಅವನ ಜಾಗಕ್ಕೆ ಒಬ್ಬನನ್ನು ನೋಡಿಟ್ಟಿದ್ದೇನೆ. ಚಿನ್ನಮನೂರಿನ ಕರುಪ್ಪಸಾಮಿ, ತಾಯಿ ನಮ್ಮೂರಿನವಳು, ಆದ್ದರಿಂದ ಎಲೆ ಎತ್ತಿಕೊಳ್ಳಬಹುದು. ಹೋದ ವಾರ ನಿಲಕ್ಕೋಟ್ಟೈಯಲ್ಲಿ ಅವನ ಆಟ ನೋಡಿದೆ. ಒಂದೇ ಉಸಿರಿನಲ್ಲಿ ಮೂರು ಜನರನ್ನು ಮುಟ್ಟಿ ಬಂದ. ಬಂದ ಮೇಲೂ ಹಾಡುತ್ತಲೇ ಇದ್ದ, ಪೋಕರಿ! ನೋಡಿ ನನ್ನ ಮುರಿದ ಮಂಡಿಗೂ ಎದ್ದು ಓಡುವ ಆಸೆಯಾಯಿತು. ಬರುವ ಪೊಂಗಲ್‌ಗೆ ನಾವು ಗೆಲ್ಲಬೇಕು. ಆ ಕೆಮ್ಮುವವನ ಮುಖ ಬಾಡಿದ್ದನ್ನು ನಾನು ನೋಡಬೇಕು.

ಅಳಗರ್

*

ಹನುಮಂತನಪಟ್ಟಿ
9 ಏಪ್ರಿಲ್ 1894

ಅಳಗರ್,

ಕಳ್ಳತನದ ಮಾತನ್ನು ಇನ್ನೊಮ್ಮೆ ಬರೆಯಬೇಡ. ನಿನಗೆ ಕೈ ಮುಗಿಯುತ್ತೇನೆ. ನಿನಗಿಂತ ಹದಿನಾಲ್ಕು ವರ್ಷ ದೊಡ್ಡವನು ಕೈ ಮುಗಿದು ಕೇಳುತ್ತಿದ್ದೇನೆ.

ನಾನು ಹೇಳಲಾರದ ಮಾತೊಂದಿದೆ. ಗೂಳಿಯ ಬೆನ್ನಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದೇನೆ, ಕರುಪ್ಪಯ್ಯ ಈ ಊರಿನ ಎಲೆ ಹಿಡಿದಿರುವವರೆಗೆ ಬಾಯಿ ಬಿಡುವುದಿಲ್ಲ ಎಂದು. ಆಣೆ ಕೇಳಿದವನೂ ಅವನೇ. ನಾನು ಮುರಿದರೆ ಹಟ್ಟಿಯೊಳಗೆ ಕಾಲಿಡುವ ಹಾಗಿಲ್ಲ.

ಆದ್ದರಿಂದ ನೀನೇ ಬಾ. ಒಂದು ದಿನ ಸಾಕು. ಬೆಳಿಗ್ಗೆ ಎದ್ದು ನಿನ್ನ ತೋಟದ ಬದುವಿನ ಮೇಲೆ ಸುಮ್ಮನೆ ನಿಂತುಕೋ. ಆಮೇಲೆ ನೀನು ಏನು ಬರೆದರೂ ನಾನು ಹಟ್ಟಿಯಲ್ಲಿ ಓದುತ್ತೇನೆ.

ಆ ಕರುಪ್ಪಸಾಮಿ ಬರಲಿ. ಬಾವಿಮನೆಯವನ ಜಾಗಕ್ಕೆ ಬರಲಿ, ಆ ಮನೆಯವರನ್ನು ನಾನು ಒಪ್ಪಿಸುತ್ತೇನೆ. ಇಬ್ಬರೂ ಹಾಡಿದರೆ ನಮ್ಮನ್ನು ಯಾರು ತಡೆಯುತ್ತಾರೆ?

ದುರೈ

*

ದಿಂಡುಕ್ಕಲ್
2 ಜುಲೈ 1894

ಭಾವನವರಿಗೆ,

ರಜೆ ಇಲ್ಲ. ಈ ವರ್ಷ ಇನ್ನೊಂದು ದಿನ ಕೇಳಿದರೆ ಮತ್ತೆ ಸೊಪ್ಪು ಆರಿಸಲು ಕೂರಿಸುತ್ತೇನೆ ಅಂದಿದ್ದಾನೆ ದೊರೆ. ನೀವು ಕರುಪ್ಪಯ್ಯನಿಗಾಗಿ ಗೂಳಿ ಮುಟ್ಟಿ ಆಣೆ ಮಾಡಿದ್ದೀರಿ. ನನಗಾಗಿ ಅಲ್ಲಿ ಯಾರಿದ್ದಾರೆ? ನಿಮ್ಮ ಹೆಂಡತಿಯ ತಮ್ಮ ನಾನು, ಅವನಲ್ಲ. ಮೂರು ತಿಂಗಳು ಯೋಚಿಸಿದ್ದೇನೆ. ಯೋಚಿಸಿದಷ್ಟೂ ಮೈ ಉರಿಯುತ್ತದೆ.

ಕೆಳಗಿನದು ನಮ್ಮ ಮನೆಯ ಮಾತು. ಮನೆಯ ಯಜಮಾನ ಊರಲ್ಲಿ ಇಲ್ಲದಿದ್ದರೆ ಅವನ ಕಾಗದವನ್ನು ಗೂಳಿಯ ಮುಂದೆ ಮೊದಲಿಂದ ಕೊನೆಯವರೆಗೆ ಓದಬೇಕು ಎನ್ನುವುದು ಕಟ್ಟಳೆ. ಒಂದು ಅಕ್ಷರವೂ ಬಿಡಬಾರದು.

"ಗೌಡ ಹಿರಿಯರಿಗೆ ಅಳಗರ್ ಮಾಡುವ ಅರಿಕೆ. ನಮ್ಮ ಮನೆಯ ಎಲೆಯನ್ನು ಹತ್ತು ವರ್ಷ ಕರುಪ್ಪಯ್ಯನಿಗೆ ಕೊಟ್ಟಿದ್ದೆ. ಅವನು ಊರನ್ನು ಗೆರೆಯ ಹತ್ತಿರ ತಂದು ಬೀಳಿಸಿದ. ಅದನ್ನಾದರೂ ಮರೆಯಬಹುದು. ನಾನಿಲ್ಲದ ಹೊತ್ತಿನಲ್ಲಿ ನನ್ನ ತೋಟಕ್ಕೆ ನುಗ್ಗಿ ಎಲೆ ಕದ್ದು ಮಾರಿದ. ಕಳ್ಳನ ಕೈಗೆ ನಮ್ಮ ಮನೆಯ ಎಲೆ ಹೋಗಬಾರದು. ಈ ವರ್ಷ ಅದನ್ನು ಕರುಪ್ಪಸಾಮಿ ಎತ್ತಿಕೊಳ್ಳಲಿ."

ಅಳಗರ್

*

ಹನುಮಂತನಪಟ್ಟಿ
19 ಜುಲೈ 1894

ಅಳಗರ್,

ಓದಿದೆ. ಒಂದು ಅಕ್ಷರವನ್ನೂ ಬಿಡಲಿಲ್ಲ.

ಆಡಿ ಗಾಳಿ ಹೇಗೆ ಬೀಸುತ್ತದೆ ನಿನಗೆ ಗೊತ್ತು. ಗಾಳಿಗೆ ಹಾರದಂತೆ ಏಳು ಎಲೆಯ ಮೇಲೂ ಒಂದೊಂದು ಅಡಿಕೆ ಇಟ್ಟಿದ್ದೆವು. ಎಲೆ ಯಾವತ್ತಿನಂತೆ ನಿನ್ನ ತೋಟದ್ದೇ, ಬೆಳಿಗ್ಗೆ ಕಿತ್ತು ತಂದದ್ದು. ಕರುಪ್ಪಯ್ಯ ತಲೆಗೆ ನೀರು ಹಾಕಿಕೊಂಡು, ಒಗೆದ ಪಂಚೆ ಉಟ್ಟು, ಗೂಳಿಯ ಎಡಕ್ಕೆ ನಿಂತಿದ್ದ. ನಾನು "ಕಳ್ಳ" ಎಂದು ಓದಿದಾಗ ಅವನು ನಕ್ಕ. ತಮಾಷೆ ಅಂದುಕೊಂಡ ಅಂತ ಕಾಣುತ್ತದೆ. ಮುಂದಿನ ಸಾಲು ಓದಿದಾಗ ನಗು ಹೋಯಿತು. ನನ್ನ ಹತ್ತಿರ ಬಂದು, "ಭಾವ, ಅಣ್ಣನ ಕೈಬರಹವೇ ತಾನೇ?" ಅಂದ. ಹೌದು ಅಂದೆ. "ಸೆರಿ, ಮನೆ ಮಾತು ಆಗೋಯ್ತು. ಪರವಾಯಿಲ್ಲೆ" ಅಂತ ಹೇಳಿ ಹಟ್ಟಿಯ ಬೇಲಿ ದಾಟಿ ಹೋದ. ಕರುಪ್ಪಸಾಮಿ ಎಲೆ ಎತ್ತಿಕೊಂಡ. ನಿನಗೆ ಸಂತೋಷವಾಗಲಿ.

ಈಗ ಅವನ ಕೈಯಲ್ಲಿ ಊರಿನ ಎಲೆ ಇಲ್ಲ. ನನ್ನ ಆಣೆ ಮುಗಿಯಿತು. ಇನ್ನು ಕೇಳು.

ಹೋದ ಕಾರ್ತಿಗೆಯಲ್ಲಿ ನಿನ್ನ ಕಪಿಲೆಯ ಬಲಗಡೆಯ ಎತ್ತು ಸತ್ತುಹೋಯಿತು. ನೀನು ಮೇಸ್ತ್ರಿಯಾಗಿ ತಿಂಗಳೂ ತುಂಬಿರಲಿಲ್ಲ. ತಿಳಿಸಿದರೆ ಓಡಿ ಬರುತ್ತಾನೆ, ಕೆಲಸ ಹೋಗುತ್ತದೆ ಎಂದು ಆಂಡಾಳ್ ಅತ್ತಳು. ಅದಕ್ಕೇ ಕರುಪ್ಪಯ್ಯ ನನ್ನಿಂದ ಆಣೆ ಮಾಡಿಸಿಕೊಂಡ. ಒಂಟಿ ಎತ್ತಿನಿಂದ ಬಾವಿಯ ನೀರು ಎತ್ತಲು ಆಗುತ್ತದೆಯೇ? ಎರಡು ದಿನ ನೀರು ಬೀಳದಿದ್ದರೆ ವೀಳ್ಯದ ಬಳ್ಳಿ ಬಾಡುತ್ತದೆ. ಆವತ್ತಿನಿಂದ ಕರುಪ್ಪಯ್ಯ ದಿನಾ ಬೆಳಿಗ್ಗೆ ಕಾಲುವೆಯಿಂದ ಎರಡೆರಡು ಕೊಡ ಹೊತ್ತು ಸಾಲು ಸಾಲಿಗೆ ನೀರು ಹಾಕಿದ. ದಿನಕ್ಕೆ ಇನ್ನೂರು ಕೊಡ, ಅಳಗರ್. ನಾನು ನಿಂತು ಎಣಿಸಿದ್ದೇನೆ. ಆಮೇಲೆ ತನ್ನ ಹೊಲ. ಆಮೇಲೆ ಆಟದ ಬಯಲು. ಎಲೆ ಹೊತ್ತು ಸಂತೆಗೆ ಹೋದದ್ದೂ ಆಂಡಾಳ್ ಕಳಿಸಿ. ಬಂದ ಕಾಸೆಲ್ಲ ಅವಳ ಕೈಗೆ ಕೊಟ್ಟಿದ್ದಾನೆ. ನೀನು ಪಂದ್ಯ ನೋಡಿದ ದಿನವೂ ನೀರು ಹಾಕಿ ಮುಗಿಸಿಯೇ ಉತ್ತಮಪಾಳೆಯಕ್ಕೆ ಓಡಿ ಬಂದಿದ್ದ. ಆ ಎರಡು ಹೆಜ್ಜೆ ಎಲ್ಲಿ ಹೋಯಿತು ಎಂದು ಈಗ ತಿಳಿಯಿತೇ?

ಎಲೆ ಕಿತ್ತುಕೊಂಡ ಮನೆಯ ನೆಲವನ್ನು ಮೆಟ್ಟುವ ಹಾಗಿಲ್ಲ, ಅದು ಕಟ್ಟಳೆ. ಅವನು ಇನ್ನು ನಿನ್ನ ತೋಟಕ್ಕೆ ಬರುವುದಿಲ್ಲ.

ದುರೈ

*

ದಿಂಡುಕ್ಕಲ್
8 ಆಗಸ್ಟ್ 1894

ಭಾವ,

ನೀವು ಆ ಕಾಗದವನ್ನು ಹರಿದು ಹಾಕಬಹುದಿತ್ತು. ಟಪಾಲು ಬರಲಿಲ್ಲ ಅಂದಿದ್ದರೆ ಯಾರು ಕೇಳುತ್ತಿದ್ದರು? ಎಲ್ಲಾ ಗೊತ್ತಿದ್ದೂ ಓದಿದಿರಲ್ಲ, ನೀವು ಎಂಥ ಮನುಷ್ಯ? ಆಂಡಾಳಾದರೂ ಎದ್ದು ಒಂದು ಮಾತು ಹೇಳಬಾರದಿತ್ತೇ?

ನನ್ನಿಂದ ತಪ್ಪಾಯಿತು ಎಂದು ಕರುಪ್ಪಯ್ಯನಿಗೆ ಹೇಳಿ. ಕಟ್ಟಳೆ ಹಾಗಿರಲಿ, ತೋಟಕ್ಕೆ ಬಂದು ನೀರು ಹಾಕಲು ಹೇಳಿ. ಈಗ ಗಾಳಿಯ ಕಾಲ, ಬಳ್ಳಿಯನ್ನು ಆಸರೆಯ ಅಗಸೆ ಮರಕ್ಕೆ ಸರಿಯಾಗಿ ಕಟ್ಟದಿದ್ದರೆ ಜಾರಿ ಬೀಳುತ್ತದೆ. ಬುಡಕ್ಕೆ ಮಣ್ಣು ಏರಿಸಬೇಕು. ತೆಂಕಣ ಸಾಲಿನ ಹೊಸ ಬಳ್ಳಿಗೆ ದಿನಕ್ಕೆ ಎರಡು ಸಲ ನೀರು ಬೇಕು. ಬೇಕಾದ ಕೂಲಿ ಕೊಡುತ್ತೇನೆ ಎಂದು ಹೇಳಿ.

ಅಳಗರ್

*

ಹನುಮಂತನಪಟ್ಟಿ
14 ಅಕ್ಟೋಬರ್ 1894

ಅಳಗರ್,

ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆದರೆ ಬೈಗುಳವೇ ಬರುತ್ತಿತ್ತು. ನಿನ್ನ ತಪ್ಪಿಗೆ ಒಂದು ಸಾಲು, ಬಳ್ಳಿಗೆ ಮೂರು ಸಾಲು, ಮೇಲೆ ಕೂಲಿ ಬೇರೆ! ಆ ಕೂಲಿಯ ಮಾತನ್ನು ನಾನು ಕರುಪ್ಪಯ್ಯನಿಗೆ ಹೇಳಲಿಲ್ಲ. ಇದೊಂದನ್ನು ಮಾತ್ರ ನುಂಗಿದೆ.

ಯಾಕೆ ಓದಿದೆ ಎಂದು ಕೇಳಿದ್ದೀಯೆ. ನನ್ನ ಬಾಯಿ ಕಟ್ಟಿತ್ತು, ಆಂಡಾಳದ್ದು ಕಟ್ಟಿರಲಿಲ್ಲ. ಆ ಕೆಟ್ಟ ಮಾತು ಕೇಳಿದರೆ ಹೆಂಗಸರು ನಿಲ್ಲುವ ಬೇಲಿಯ ಆಚೆಯಿಂದ ಅವಳು ಕೂಗಿ ನಿಜ ಹೇಳುತ್ತಾಳೆ, ಊರೆಲ್ಲ ನಿನ್ನ ಕಾಗದಕ್ಕೆ ಉಗಿಯುತ್ತದೆ ಎಂದುಕೊಂಡಿದ್ದೆ. ನಿನಗೆ ಅವಮಾನವಾಗಲಿ ಅಂತಲೂ ಇತ್ತು, ಸುಳ್ಳು ಯಾಕೆ ಹೇಳಲಿ. ಓದುತ್ತಾ ತಲೆ ಎತ್ತಿ ಹೆಂಗಸರ ಕಡೆ ನೋಡಿದೆ. ಅವಳಿರಲಿಲ್ಲ. ಕರುಪ್ಪಯ್ಯ ಹಟ್ಟಿಗೆ ಬಂದಿದ್ದನಲ್ಲ, ಅವನ ಬದಲು ಆವತ್ತು ಅವಳು ತೋಟಕ್ಕೆ ನೀರು ಹೊರುತ್ತಿದ್ದಳು. ನಾನು ಅದನ್ನು ಯೋಚಿಸಲಿಲ್ಲ. ನನ್ನ ಪಾಲಿನ ಪಾಪ ಇದು, ನಾನೇ ತಿನ್ನುತ್ತೇನೆ.

ಸಂಜೆಗೆ ಸುದ್ದಿ ಕೇಳಿ ಅವನ ಮನೆಗೆ ಓಡಿದಳು. ಅವನು ಹೊರಟುಹೋಗಿದ್ದ. ಈಗ ಉತ್ತಮಪಾಳೆಯದಲ್ಲಿ ಸೋದರಮಾವ ಕೊಟ್ಟ ಕೊಠಡಿಯಲ್ಲಿದ್ದಾನೆ. ಆ ಊರಿನವರು ಅವನಿಗೆ ತಮ್ಮ ಎಲೆ ಕೊಟ್ಟಿದ್ದಾರೆ.

ತೋಟ ಹೋಯಿತು. ಆಂಡಾಳೂ ನಿನ್ನ ಅಕ್ಕನೂ ಇಪ್ಪತ್ತು ದಿನ ಹೊತ್ತರು, ನಾನೂ ಹೊತ್ತೆ. ನಮ್ಮ ಮೂವರಿಂದ ನೂರು ಕೊಡ ಆಗಲಿಲ್ಲ. ಗಾಳಿ ಉಳಿದದ್ದನ್ನು ಮಲಗಿಸಿತು.

ನಿನ್ನ ಕರುಪ್ಪಸಾಮಿ ಚೆನ್ನಾಗಿ ಆಡುತ್ತಾನೆ. ಅದರಲ್ಲಿ ನಿನ್ನ ಮಾತು ನಿಜ.

ದುರೈ

*

ದಿಂಡುಕ್ಕಲ್
24 ಜನವರಿ 1895

ದುರೈ ಭಾವನವರಿಗೆ ಅಳಗರ್ ಮಾಡುವ ನಮಸ್ಕಾರ.

ಪಂದ್ಯದಲ್ಲಿ ನನ್ನನ್ನು ನೀವು ನೋಡಲಿಲ್ಲ. ದೊರೆ ರಜೆ ಕೊಡಲಿಲ್ಲ, ಹೇಳದೆ ಹೊರಟು ಬಂದೆ. ನಮ್ಮೂರಿನವರ ನಡುವೆ ನಿಲ್ಲಲು ಮುಖವಿಲ್ಲದೆ ಉತ್ತಮಪಾಳೆಯದವರ ಗುಂಪಿನಲ್ಲಿ ತಲೆಗೆ ಟುವಾಲು ಸುತ್ತಿಕೊಂಡು ನಿಂತಿದ್ದೆ.

ಕೊನೆಯ ಸಲ ಕರುಪ್ಪಯ್ಯ ನಮ್ಮ ತಂಡದ ಕಡೆಗೆ ಹಾಡುತ್ತಾ ಬಂದದ್ದು ನಿಮಗೂ ಗೊತ್ತು. ಅವಳಿಗಳಿಬ್ಬರನ್ನೂ ಮುಟ್ಟಿದ. ಬಾವಿಮನೆಯವನು ಈ ಸಲ ಕಾಲು ಬಿಡಲಿಲ್ಲ, ಕರುಪ್ಪಸಾಮಿ ಸೊಂಟ ಹಿಡಿದ. ಇಬ್ಬರನ್ನೂ ಎಳೆದುಕೊಂಡೇ ಗೆರೆಯ ಕಡೆ ಹೆಜ್ಜೆ ಇಟ್ಟ. ನಾನು ಉಸಿರು ಹಿಡಿದು ನಿಂತಿದ್ದೆ, ನನ್ನದು ಮುಗಿಯಿತು, ಅವನದು ಮುಗಿಯಲಿಲ್ಲ. ಇನ್ನೂರು ಕೊಡ ನೀರು ಹೊರದ ಕರುಪ್ಪಯ್ಯನನ್ನು ಒಂದು ವರ್ಷದ ಮೇಲೆ ನೋಡಿದೆ. ಗೆರೆ ದಾಟಿದಾಗ ಸುತ್ತಲಿನವರು ಕೂಗಿದರು. ನಾನೂ ಕೂಗಿಬಿಟ್ಟೆ ಭಾವ. ನಮ್ಮೂರು ಸೋತದ್ದಕ್ಕೆ ನಾನು ಕೂಗಿದೆ.

ಎಲೆ ಕಿತ್ತುಕೊಂಡ ಮನೆಯವನೇ ಮತ್ತೆ ಕೈಯಾರೆ ಎಲೆ ಕೊಟ್ಟರೆ ಕಟ್ಟಳೆ ತೀರುತ್ತದಲ್ಲ. ಅದಕ್ಕೆಂದು ಒಂದು ಎಲೆ ತಂದಿದ್ದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಎರಡು ದಿನ ದಾರಿಯುದ್ದಕ್ಕೂ ನೀರು ಚಿಮುಕಿಸಿಕೊಂಡು. ಜನ ಚದುರಿದ ಮೇಲೆ ಅವನ ಹತ್ತಿರ ಹೋದೆ. ಎದ್ದು ನಿಂತ. "ವಾ ಅಣ್ಣಾ. ಸೌಖ್ಯವಾ? ಮಂಡಿ ಹೇಗದೆ?" ಅಂದ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಕರುಪ್ಪಯ್ಯಾ, ನಮ್ಮ ಮನೆ ಎಲೆ ತಂದಿವ್ನಿ, ಎತ್ಕೋ" ಅಂದೆ.

ಅವನು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದ. ನರ ಸವರಿದ. ತುದಿಯನ್ನು ಮೂಸಿದ. ಆಮೇಲೆ, "ಇದು ಯಾರ ತೋಟದ್ದು ಅಣ್ಣಾ?" ಅಂದ.

ನಾನು ಅದನ್ನು ಕೊಂಡದ್ದು ದಿಂಡುಕ್ಕಲ್ ಸಂತೆಯಲ್ಲಿ. ಅವನು ಎಲೆಯನ್ನು ಅದೇ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. "ಅತ್ತಿಗೆ ಒಬ್ಬಳೇ ಇದ್ದಾಳೆ. ಮನೆಗೆ ಹೋಗು" ಅಂದ.

ಹೋದೆ. ಆಂಡಾಳ್ ಕಾಲಿಗೆ ನೀರು ಕೊಟ್ಟಳು, ಅನ್ನ ಹಾಕಿದಳು. ಬೆಳಿಗ್ಗೆ ತೋಟದ ಬದುವಿನ ಮೇಲೆ ಹೋಗಿ ನಿಂತೆ, ನೀವು ಏಪ್ರಿಲ್‌ನಲ್ಲಿ ಹೇಳಿದ ಹಾಗೆ. ಅಗಸೆ ಮರಗಳು ಮಾತ್ರ ಸಾಲಾಗಿ ನಿಂತಿದ್ದವು. ಎರಡು ಕೊಡ ಬದುವಿನಲ್ಲಿ ಬೋರಲು ಬಿದ್ದಿದ್ದವು. ಹಿಡಿಯ ಹಗ್ಗ ಅವನ ಕೈಗೆ ಸವೆದು ಕಪ್ಪಾಗಿತ್ತು.

ಕಾರ್ಖಾನೆಗೆ ವಾಪಸು ಬಂದಾಗ ಮೇಸ್ತ್ರಿಯ ಜಾಗದಲ್ಲಿ ಬೇರೆಯವನಿದ್ದ. ಈಗ ಆ ಕೆಮ್ಮುವವನ ಪಕ್ಕದಲ್ಲಿ ಕೂತು ಸೊಪ್ಪು ಆರಿಸುತ್ತಿದ್ದೇನೆ. ಅವನು ಈಗ ಕೆಮ್ಮುವುದಿಲ್ಲ. ಕರುಪ್ಪಯ್ಯ ತಮ್ಮೂರಿನವನು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ.

ಬರುವ ಆಡಿಯಲ್ಲಿ ಆರು ಎಲೆ ಮಾತ್ರ ಇಡಿ. ಕರುಪ್ಪಸಾಮಿಗೆ ಬೇರೆ ಯಾವುದಾದರೂ ಮನೆ ಎಲೆ ಕೊಡಲಿ. ನಮ್ಮ ಮನೆಯ ಜಾಗ ಖಾಲಿ ಇರಲಿ. ಮನೆಯ ಮಾತು ಏನು ಎಂದು ಹಿರಿಯರು ಕೇಳಿದರೆ ಈ ಕಾಗದವನ್ನು ಗೂಳಿಯ ಮುಂದೆ ಓದಿ. ಆಂಡಾಳನ್ನು ಬೇಲಿಯ ಹತ್ತಿರ ನಿಲ್ಲಿಸಿಕೊಂಡು ಓದಿ. ಮೊದಲಿಂದ ಕೊನೆಯವರೆಗೆ ಓದಿ ಭಾವ, ಒಂದು ಅಕ್ಷರವನ್ನೂ ಬಿಡಬೇಡಿ.

ಅಳಗರ್